ರಾಕಿಯ ಕರುಳು

ಅಷ್ಟು ಹೊತ್ತಿಗೆ ನಾಯಿ ಸತ್ತಿರುತ್ತದೆ ಎಂದುಕೊಂಡೇ ಸ್ಟೀಫನ್ ಬ್ಯಾಡಿಲ್ಯಾಕ್ ಬೆಳಿಗ್ಗೆ ಪ್ರಯೋಗಾಲಯಕ್ಕೆ ಬಂದರು. ಅದು 1987, ಅಮೆರಿಕದ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ. ರಾಕಿ ಎಂಬ ಸಾಧು ಸ್ವಭಾವದ ಕಂತ್ರಿ ನಾಯಿಯ ಮಹಾಪಧಮನಿಯ ಒಂದು ತುಂಡು ತೆಗೆದು, ಆ ಜಾಗಕ್ಕೆ ಅದರದೇ ಸಣ್ಣಕರುಳಿನ ತುಂಡನ್ನು ಹಿಂದಿನ ದಿನ ಹೊಲಿದಿದ್ದರು. ಹೃದಯದಿಂದ ನುಗ್ಗುವ ರಕ್ತಕ್ಕೆ ಕರುಳು ಎಷ್ಟು ಹೊತ್ತು ತಡೆದೀತು? ನೋಡಿದರೆ ರಾಕಿ ಬಾಲ ಅಲ್ಲಾಡಿಸುತ್ತ ತಿಂಡಿಗೆ ಕಾಯುತ್ತಿತ್ತು.

ರಕ್ತನಾಳದ ಬದಲು ಡೇಕ್ರಾನ್ ಎಂಬ ಕೃತಕ ನೂಲಿನ ಕೊಳವೆ ಹಾಕಿದರೆ ರಕ್ತ ಹೆಪ್ಪುಗಟ್ಟುತ್ತಿತ್ತು. ದೇಹದಲ್ಲೇ ಕೊಳವೆಯಂಥದ್ದು ಇನ್ನೇನಿದೆ ಎಂದು ಯೋಚಿಸಿದ ಈ ಪಶುವೈದ್ಯರಿಗೆ ಹೊಳೆದದ್ದು ಕರುಳು. ಇನ್ನಷ್ಟು ನಾಯಿಗಳಿಗೆ ಹೀಗೇ ಮಾಡಿ, ತಿಂಗಳುಗಳ ನಂತರ ಒಂದರ ಹೊಟ್ಟೆ ತೆರೆದರೆ ಹೊಲಿದ ಕರುಳೇ ಕಾಣಲಿಲ್ಲ! ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ರಕ್ತನಾಳದ ಗೋಡೆ.

ಮನೆಯಲ್ಲಿ ಬೋಟಿ ತೊಳೆಯುವುದನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಒಳಗಿನ ಲೋಳೆ ಹೋಗುವಂತೆ ಕೆರೆದು, ಹೊರಗಿನ ಸ್ನಾಯುವನ್ನೂ ಸುಲಿದರೆ ಉಳಿಯುವುದು ಬೆರಳು ಕಾಣುವಷ್ಟು ತೆಳುವಾದ, ಆದರೆ ಎಳೆದರೂ ಹರಿಯದ ಪೊರೆ. ಅದರಲ್ಲಿ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನ್. ಜೀವಕೋಶಗಳನ್ನೆಲ್ಲ ತೊಳೆದು ತೆಗೆದರೆ ಹಂದಿಯ ಪೊರೆಯನ್ನೂ ಬೇರೆ ಪ್ರಾಣಿಯ ದೇಹ ತಳ್ಳಿಹಾಕುವುದಿಲ್ಲ. ಕಟ್ಟಡಕ್ಕೆ ಕಟ್ಟುವ ಸಾರುವೆಯ ಹಾಗೆ ಇದು ಹೊಸ ಕೋಶಗಳಿಗೆ ಆಸರೆ. ಆದರೆ ಬಿದಿರಿನ ಸಾರುವೆ ಕೆಲಸಗಾರರನ್ನು ಕರೆಯುವುದಿಲ್ಲ; ಈ ಪೊರೆ ಕರಗುತ್ತ ಹೋದಂತೆ ಅದರ ಚೂರುಗಳೇ ದೇಹದ ಕಾಂಡಕೋಶಗಳನ್ನು ಗಾಯದ ಕಡೆಗೆ ಸೆಳೆಯುತ್ತವೆ. ಕಲೆಗಟ್ಟಬೇಕಾದ ಜಾಗದಲ್ಲಿ ಅಂಗಾಂಶ ಬೆಳೆಯುವುದು ಹೀಗೆ.

ಹರ್ನಿಯಾ, ಮಧುಮೇಹಿಗಳ ಕಾಲಿನ ಹುಣ್ಣು ಎಂದು ಈ ಪೊರೆಯ ಬಳಕೆ ಹಬ್ಬಿತು. ಬ್ಯಾಡಿಲ್ಯಾಕ್ ಪಿಟ್ಸ್‌ಬರ್ಗ್‌ಗೆ ಹೋದರು. ಗಾಯದಲ್ಲಿ ಸ್ನಾಯುವನ್ನೇ ಕಳೆದುಕೊಂಡಿದ್ದ ಐವರಿಗೆ ಅಲ್ಲಿ ಹಂದಿಯ ಮೂತ್ರಕೋಶದಿಂದ ತೆಗೆದ ಇಂಥದೇ ಪೊರೆ ಹಾಕಿದರು. 2014ರ ವರದಿಯಂತೆ ಮೂವರಿಗೆ ಸ್ಪಷ್ಟವಾಗಿ ಗುಣ ಕಂಡಿತು. ಐವರಲ್ಲಿ ಮೂವರು ಎಂಬುದನ್ನು ಪವಾಡ ಎನ್ನಲಾರೆ. ಆದರೆ ಕಳೆದುಹೋದ ಸ್ನಾಯು ಮರಳುವುದಿಲ್ಲ ಎಂದು ಕೈಚೆಲ್ಲಿದ್ದವರಿಗೆ ಅದು ಸಣ್ಣ ಮಾತಲ್ಲ.

ರಾಕಿ ಆ ಹೊಲಿಗೆಯೊಂದಿಗೇ ಮತ್ತೆ ಎಂಟು ವರ್ಷ ಬದುಕಿತು. ಬ್ಯಾಡಿಲ್ಯಾಕ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಬಂಧದ ತಲೆಬರಹದಲ್ಲಿ ರಾಕಿಯ ಹೆಸರಿಲ್ಲ, ‘ನಾಯಿ’ ಎಂಬ ಪದವಷ್ಟೇ ಇದೆ. ಅದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ರಾಕಿಗಾದರೂ ಹೆಸರು ಉಳಿಯಿತು. ಜೊತೆಗೆ ಹೊಟ್ಟೆ ಕೊಯ್ಯಿಸಿಕೊಂಡ ಉಳಿದ ನಾಯಿಗಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ.