ಕೀಮೋ ಮುಗಿಸಿ ಮನೆಗೆ ಬಂದ ಕಂದನಿಗೆ

"ಮಗುವಿಗೆ ರಕ್ತದ ಕ್ಯಾನ್ಸರ್" ಎಂಬ ಮಾತು ಕಿವಿಗೆ ಬಿದ್ದಾಗ ಹೆತ್ತ ಕರುಳು ಹೇಗಾಗಬೇಡ! ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯೂಕೀಮಿಯಾ ಇಂದು ಬಹುಮಟ್ಟಿಗೆ ವಾಸಿಯಾಗುವ ಕಾಯಿಲೆ. ಚಿಕಿತ್ಸೆ ಎರಡು-ಮೂರು ವರ್ಷದ್ದು. ಅದರಲ್ಲಿ ಬಹುಪಾಲು ದಿನ ಮಗು ಇರುವುದು ಆಸ್ಪತ್ರೆಯಲ್ಲಲ್ಲ, ನಿಮ್ಮ ಮಡಿಲಲ್ಲಿ.

ಮೊದಲು ಜ್ವರದ ಮಾತು. ಔಷಧಿಯಿಂದ ಬಿಳಿ ರಕ್ತಕಣಗಳು ಇಳಿದಿರುವಾಗ ಸೋಂಕನ್ನು ತಡೆಯುವ ಶಕ್ತಿ ಮಗುವಿಗಿರುವುದಿಲ್ಲ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತೋ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. "ಒಂದು ಮಾತ್ರೆ ಕೊಡು, ಬೆಳಗಾಗ್ಲಿ ನೋಡೋಣ" ಅಂತ ಮನೆಯ ಹಿರಿಯರು ಹೇಳಬಹುದು. ಕೇಳಬೇಡಿ. ಮಾತ್ರೆಗೆ ಜ್ವರ ಇಳಿದಂತೆ ಕಂಡರೂ ಸೋಂಕು ಒಳಗೇ ಏರುತ್ತಿರುತ್ತದೆ. ಕೆಲವೇ ಗಂಟೆಗಳಲ್ಲಿ ಕೈಮೀರಬಹುದು. ಆಸ್ಪಿರಿನ್ ಅಂತೂ ಬೇಡವೇ ಬೇಡ, ರಕ್ತಸ್ರಾವದ ಭಯವುಂಟು. ಊರು ದೂರವಿದ್ದರೆ ವಾಹನ, ದುಡ್ಡು, ಆಸ್ಪತ್ರೆಯ ಚೀಟಿ ಮೊದಲೇ ಸಿದ್ಧವಿರಲಿ.

ವಾಂತಿಗೆ ಬರೆದುಕೊಟ್ಟ ಮಾತ್ರೆಯನ್ನು ವಾಂತಿ ಶುರುವಾಗುವ ಮುನ್ನವೇ, ವೈದ್ಯರು ಹೇಳಿದ ಹೊತ್ತಿಗೆ ಕೊಡಿ. ಒಗ್ಗರಣೆಯ ಘಾಟಿಗೂ ಹೊಟ್ಟೆ ತೊಳಸೀತು. ಮಗು ಮಲಗಿರುವ ಕೋಣೆಯ ಬಾಗಿಲು ಮುಚ್ಚಿ ಅಡುಗೆ ಮಾಡಿ. ತಟ್ಟೆ ತುಂಬ ಬಡಿಸಿ "ತಿನ್ನು, ತಿನ್ನು" ಅನ್ನುವ ಬದಲು ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಬಾಯಿ ಹುಣ್ಣಾದರೆ ಹುಳಿ, ಖಾರ ಬಿಡಿ. ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಆರಿದ ರಾಗಿ ಗಂಜಿ ಗಂಟಲಲ್ಲಿ ಇಳಿಯುತ್ತದೆ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ.

ಸ್ಟಿರಾಯ್ಡ್ ಕೊಡುವ ವಾರಗಳದು ಬೇರೆಯೇ ಕಥೆ. ರಾತ್ರಿ ಎರಡಕ್ಕೆ ಎದ್ದು "ಅಮ್ಮಾ, ಚಿತ್ರಾನ್ನ ಬೇಕು" ಅಂತ ಹಟ, ಸಿಡಿಮಿಡಿ, ಅಳು. ಬೈಯಬೇಡಿ, ಅದು ಔಷಧಿಯ ಆಟ. ಉಪ್ಪಿನಕಾಯಿ, ಹಪ್ಪಳ ಮಾತ್ರ ಕೈಗೆ ಸಿಗದಂತಿಡಿ. ಈ ದಿನಗಳಲ್ಲಿ ಸೋಂಕಿದ್ದರೂ ಮೈ ಬಿಸಿಯಾಗದೇ ಇರಬಹುದು; ಮಗು ಮಂಕಾದರೆ ಸಾಕು, ಕರೆದೊಯ್ಯಿರಿ.

ವಿನ್‌ಕ್ರಿಸ್ಟಿನ್ ಚುಚ್ಚುಮದ್ದಾದ ಮೇಲೆ ಮಲಬದ್ಧತೆ, ದವಡೆ ನೋವು, ಕಾಲು ನೋವು ಬರುವುದುಂಟು. ಎರಡು ದಿನ ಹೊರಕಡೆ ಆಗದಿದ್ದರೆ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಎನಿಮಾ ಕೊಡಬೇಡಿ. ನಡೆಯುವಾಗ ಪಾದ ಎಳೆಯುತ್ತಿದ್ದರೂ ಹೇಳಿ. ಅಂದಹಾಗೆ, ಈ ಔಷಧಿ ಸಿಗುವುದು ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ! ಹಾಗೆಂದು ಅದರ ಎಲೆ ಕುದಿಸಿ ಕುಡಿಸೀರಿ ಜೋಕೆ, ವಿಷವಾದೀತು.

ಪಕ್ಕದ ಮನೆಯ ಹುಡುಗನಿಗೆ 'ಅಮ್ಮ' ಎದ್ದಿದೆಯೆಂದು ತಿಳಿದರೆ, ನಿಮ್ಮ ಮಗುವಿಗೆ ಏನೂ ಕಾಣದಿದ್ದರೂ ಅಂದೇ ವೈದ್ಯರ ಕಿವಿಗೆ ಹಾಕಿ.

ಇನ್ನು ಕೂದಲು. ಅದಕ್ಕೆ ಅಳುವವರು ಅಮ್ಮಂದಿರೇ ಹೆಚ್ಚು. "ತಿಮ್ಮಪ್ಪನಿಗೆ ಮುಡಿ ಕೊಟ್ಟಿದೀನಿ" ಅಂತ ಮಗುವೇ ನಕ್ಕೀತು. ಚಿಕಿತ್ಸೆಯ ಬಿರುಸು ತಗ್ಗಿದ ಮೇಲೆ ಮತ್ತೆ ಬೆಳೆಯುತ್ತದೆ.