ಮನೇಲಿ ಹಕ್ಕಿ ಸಾಕಿದ್ದೀರಾ?

ಶಿರಾದಲ್ಲಿ ನಮ್ಮ ಚಿಕ್ಕಪ್ಪ ತಾರಸಿ ಮೇಲೆ ಪಾರಿವಾಳ ಸಾಕಿದ್ದಾರೆ. ಹೋದ ವರ್ಷ ಅವರಿಗೆ ನ್ಯುಮೋನಿಯಾ ಆಯಿತು. ನಾಲ್ಕು ದಿನ ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಐದನೇ ದಿನ ಬಂದ ಡಾಕ್ಟರು ಮೊದಲು ಕೇಳಿದ್ದೇ, 'ಮನೇಲಿ ಹಕ್ಕಿ ಸಾಕಿದ್ದೀರಾ?' ಪರೀಕ್ಷೆಗೆ ಕಾಯದೆ ಔಷಧ ಬದಲಾಯಿಸಿದರು. ಎರಡೇ ದಿನಕ್ಕೆ ಜ್ವರ ಬಿಟ್ಟಿತು.

ಸಿಟಾಕೋಸಿಸ್ ಎಂಬ ಹೆಸರು ನಾನು ಕೇಳಿದ್ದು ಆಗಲೇ. ಗಿಳಿ, ಪಾರಿವಾಳಗಳ ಒಣಗಿದ ಹಿಕ್ಕೆಯ ಧೂಳು ಉಸಿರಿನ ಜೊತೆ ಒಳಹೋದರೆ ತಗಲುವ ಸೋಂಕು. ಪೆನ್ಸಿಲಿನ್ ಜಾತಿಯ ಔಷಧ ಇದಕ್ಕೆ ಸರಿಯಾಗಿ ನಾಟದು, ಡಾಕ್ಸಿಸೈಕ್ಲಿನ್ ಬೇಕು. ಅದರ ಹಿರಿಯಣ್ಣ ಆರಿಯೋಮೈಸಿನ್ 1948ರಲ್ಲಿ ಬಂದದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನಾ ನಿರ್ದೇಶಕರಾಗಿದ್ದವರು ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬಾರಾವ್!

ಆದರೆ ತೀವ್ರ ಸಿಟಾಕೋಸಿಸ್‌ಗೆ ಯಾವ ಔಷಧ ಮೇಲು ಎಂದು ಹೇಳಲು ದೊಡ್ಡ ಕ್ಲಿನಿಕಲ್ ಟ್ರಯಲ್‌ಗಳ ಬಲ ಕಡಿಮೆ. ರೋಗಿಗಳೇ ಅಪರೂಪ, ಎಷ್ಟೋ ಮಂದಿಯಲ್ಲಿ ಪತ್ತೆಯೇ ಆಗದು. ವೈದ್ಯರು ಹೆಚ್ಚಾಗಿ ನೆಚ್ಚಿರುವುದು ಅನುಭವವನ್ನೇ. ನಮ್ಮಲ್ಲಿ 2009ರಿಂದ ಹೊಸ ಔಷಧಗಳ ಟ್ರಯಲ್‌ಗಳು ಸಿಟಿಆರ್‌ಐನಲ್ಲಿ ನೋಂದಣಿಯಾಗಲೇಬೇಕು. ಯಾರು ಬೇಕಾದರೂ ನೋಡಬಹುದು. ಬಿ.ಫಾರ್ಮಾ, ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವವರೇ, ಒಮ್ಮೆ ಕಣ್ಣಾಡಿಸಿ. ರೋಗಿಗಳ ಒಪ್ಪಿಗೆ ಪತ್ರ, ದಾಖಲೆ ನೋಡಿಕೊಳ್ಳುವ ಸಂಯೋಜಕರ ಹುದ್ದೆಗಳೂ ಈ ಕ್ಷೇತ್ರದಲ್ಲಿವೆ. ಅಂಥದ್ದೊಂದಕ್ಕೆ ನಾನೂ ಅರ್ಜಿ ಹಾಕಿದ್ದೇನೆ.

ಚಿಕ್ಕಪ್ಪ ಪಾರಿವಾಳ ಬಿಟ್ಟಿಲ್ಲ. ಗೂಡು ಗುಡಿಸುವ ಮುಂಚೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳುತ್ತಾರೆ, ಅಷ್ಟೆ.