‘ನಮ್ಮ ನಾಯಿ ಏನೂ ಮಾಡಲ್ಲ, ಒಳಗೆ ಬನ್ನಿ’

ಈ ವಾರದ ಎಪಿಸೋಡ್ ಒಂದು ಮೆಸೇಜ್‌ನಿಂದ ಶುರುವಾಯ್ತು. ಕೇಳುಗರೊಬ್ಬರು ಬರೆದಿದ್ರು: ‘ಬ್ರೋ, ತಂಗಿಗೆ ಕರೆಂಟ್ ಮೀಟರ್ ರೀಡಿಂಗ್ ಕೆಲಸ ಸಿಕ್ಕಿದೆ. ದಿನಾ ಗೊತ್ತಿಲ್ಲದವರ ಮನೆಗೆ ಹೋಗ್ಬೇಕು. ಅಮ್ಮ ಬೇಡ ಅಂತಿದ್ದಾರೆ. ನಾನೇನು ಹೇಳ್ಲಿ?’

ನನಗೆ ಈ ಪ್ರಶ್ನೆ ಹೊಸದಲ್ಲ. ಬಿಕಾಂ ಮುಗಿಸಿದ ವರ್ಷ, ಅಕೌಂಟ್ಸ್ ಕೆಲಸ ಸಿಗೋ ತನಕ ಏಳು ತಿಂಗಳು, ಒಬ್ಬ ಗುತ್ತಿಗೆದಾರರ ಕೈಕೆಳಗೆ ನಾನೇ ಮೀಟರ್ ಓದಿದ್ದೀನಿ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಬಿಲ್ಲಿಂಗ್ ಮೆಷಿನ್. ಮೀಟರ್‌ಗೆ ಇಷ್ಟು ಅಂತ ದುಡ್ಡು. ಈ ಕೊನೇ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಾಲ್ಕನೇ ತಿಂಗಳು. ಗೇಟಿನ ಹತ್ತಿರ ನಾಯಿ ಬೊಗಳ್ತಾ ಇದೆ. ಮನೆ ಯಜಮಾನರು ವರಾಂಡದಿಂದಲೇ, ‘ಏನೂ ಮಾಡಲ್ಲ ಬಾರಪ್ಪಾ’ ಅಂದ್ರು. ಅದು ಅವರಿಗೆ ಏನೂ ಮಾಡಲ್ಲ, ನಿಜ. ನನ್ನ ಮೀನಖಂಡ ಹಿಡೀತು. ಆಮೇಲೆ ಅವರು ಹೇಳಿದ ಮಾತು ಇನ್ನೂ ಕಿವೀಲಿದೆ: ‘ನೀನು ಹೆದರಿದ್ದಕ್ಕೇ ಕಚ್ಚಿದ್ದು.’

ಹೀಗಾದ್ರೆ ಏನು ಮಾಡ್ಬೇಕು ಅನ್ನೋದನ್ನ ಸರಿಯಾಗಿ ಹೇಳಿಬಿಡ್ತೀನಿ. ಗಾಯವನ್ನ ಹರಿಯೋ ನೀರಲ್ಲಿ, ಸೋಪು ಹಚ್ಚಿ, 15 ನಿಮಿಷ ತೊಳೀಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಸಾಕಿದ ನಾಯಿ, ಇಂಜೆಕ್ಷನ್ ಹಾಕಿಸಿದ್ದೀವಿ ಅಂದ್ರೂ ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ರೆ ಲಸಿಕೆ ಜೊತೆಗೆ ರೇಬೀಸ್ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗುತ್ತೆ, ಡಾಕ್ಟರನ್ನ ಕೇಳಿ. ನನಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಲಸಿಕೆ ಕೊಟ್ರು. ಒಂದು ಡೋಸನ್ನೂ ಬಿಡೋ ಹಾಗಿಲ್ಲ, ಯಾಕಂದ್ರೆ ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋರು ಇಲ್ಲ ಅನ್ನೋಷ್ಟು ಕಡಿಮೆ. ಏಳನೇ ದಿನ ಸೂಪರ್‌ವೈಸರ್ ‘ರೂಟ್ ಮುಗಿಸಿ ಹೋಗು’ ಅಂದ್ರು. ನಾನು ಮೊದಲು ಆಸ್ಪತ್ರೆಗೆ ಹೋದೆ. ಅರ್ಧ ದಿನದ ದುಡ್ಡು ಹೋಯ್ತು.

ಆದ್ರೆ ನನ್ನ ನಿಜವಾದ ತಪ್ಪು ನಡೆದಿದ್ದು ಕಚ್ಚೋದಕ್ಕೆ ಮುಂಚೆ, ಗೇಟಿನ ಚಿಲಕಕ್ಕೆ ಕೈ ಹಾಕಿದಾಗ.

ಮೆಷಿನ್‌ನಲ್ಲಿ ‘ಡೋರ್ ಲಾಕ್’ ಅಂತ ಒಂದು ಆಯ್ಕೆ ಇರುತ್ತೆ. ಮೀಟರ್ ತನಕ ಹೋಗೋಕಾಗದಿದ್ರೆ ಅದನ್ನ ಒತ್ತಿದ್ರೆ ಆಯ್ತು, ಸರಾಸರಿ ಲೆಕ್ಕದ ಮೇಲೆ ಬಿಲ್ ಬರುತ್ತೆ, ಮುಂದೆ ರೀಡಿಂಗ್ ಸಿಕ್ಕಾಗ ಸರಿಹೋಗುತ್ತೆ. ಕಾಮರ್ಸ್ ಹುಡುಗನ ಲೆಕ್ಕ ಕೇಳಿ: ಆ ಮನೆ ಬಿಟ್ಟು ಮುಂದೆ ಹೋಗಿದ್ರೆ ಕಂಪನಿಗೆ ಒಂದು ಬಿಲ್ ಹೊಂದಾಣಿಕೆ. ಒಳಗೆ ಹೋಗಿದ್ದಕ್ಕೆ ನಾಲ್ಕು ಸಲ ಆಸ್ಪತ್ರೆ. ಗೊತ್ತಿದ್ದೂ ಯಾಕೆ ಹೋದೆ? ‘ಡೋರ್ ಲಾಕ್’ ಜಾಸ್ತಿ ಆದ್ರೆ ಬೈಗುಳ, ಓದದ ಮೀಟರ್‌ಗೆ ದುಡ್ಡಿಲ್ಲ. ಎಲ್ಲರೂ ‘ಜೋಪಾನ’ ಅಂತಾರೆ, ಜೋಪಾನವಾಗಿದ್ರೆ ಸಂಬಳ ಕಡಿಮೆ ಬರುತ್ತೆ. ಅದಕ್ಕೇ ಕೆಲಸಕ್ಕೆ ಸೇರೋ ದಿನವೇ ಒಂದು ಪ್ರಶ್ನೆ ಕೇಳ್ಬೇಕು: ‘ನಾಯಿ ಬಿಟ್ಟಿದ್ರೆ, ಕುಡಿದವರು ಇದ್ರೆ, ನಾನು ಒಳಗೆ ಹೋಗದೆ ಬಂದ್ರೆ ಏನಾಗುತ್ತೆ?’ ಉತ್ತರವನ್ನ ವಾಟ್ಸ್ಆ್ಯಪ್‌ನಲ್ಲಿ ಬರೆಸ್ಕೊಳ್ಳಿ. ವಾಪಸ್ ಬಂದ ಮನೆಯ ಗೇಟಿನ ಫೋಟೊ ತೆಗೆದು, ಕಾರಣ ಬರೆದು, ಅವತ್ತೇ ಕಳಿಸಿ.

ನಮ್ಮ ತಂಡದಲ್ಲಿ ಒಬ್ಬರು ಅಕ್ಕ ಇದ್ರು, ಒಂಬತ್ತು ವರ್ಷದ ಅನುಭವ. ಅವರಿಂದ ಕಲಿತದ್ದೇ ಜಾಸ್ತಿ. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲೋರು. ಪಕ್ಕದ ಮನೆಗೂ ಕೇಳೋ ಹಾಗೆ ‘ಮೀಟರ್ ರೀಡಿಂಗ್’ ಅಂತ ಕೂಗೋರು. ಸ್ಕೂಟಿ ಮುಖ ಯಾವಾಗಲೂ ರಸ್ತೆ ಕಡೆಗೆ. ಮುಖ್ಯವಾದದ್ದು ಚಪ್ಪಲಿ ವಿಷಯ. ‘ಚಪ್ಪಲಿ ಬಿಡಬೇಕು ಅಂದ್ರೆ ಅದು ಮನೆ ಒಳಗೆ ಕಣೋ. ಅಲ್ಲಿಗೆ ನನಗೇನು ಕೆಲಸ?’ ಅನ್ನೋರು. ಮೀಟರ್ ಹಾಲ್‌ನಲ್ಲಿದ್ರೆ, ‘ಒಂದು ಫೋಟೊ ತೆಗೆದು ತೋರಿಸ್ತೀರಾ?’ ಅಂತ ಬಾಗಿಲಲ್ಲೇ ನಿಂತು ಕೇಳೋರು. ನೀರು, ಕಾಫಿ ಕೊಟ್ರೆ ಹೊರಗೇ.

ಒಂದು ಮಾತು ಇಲ್ಲೇ ಹೇಳ್ತೀನಿ. ಬಾಗಿಲ ಆ ಕಡೆ ಇರೋರಿಗೂ ಭಯ ಇರುತ್ತೆ. ಒಂಟಿ ಅಜ್ಜಿಗೆ ನೀವೇ ಅಪರಿಚಿತರು. ಅವರು ಕಾರ್ಡ್ ಕೇಳಿದ್ರೆ ಮುಖ ಗಂಟು ಹಾಕ್ಬೇಡಿ.

ಇನ್ನು ಬಿಲ್ ಜಗಳ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇದಕ್ಕೆ ಹೊಸ ರೂಪ. 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು, ಆ ಚೀಟಿ ಹರಿದು ಕೊಡೋನು ಮೀಟರ್ ರೀಡರ್. ನಿಯಮ ಮಾಡಿದವರು ಎದುರಿಗೆ ಸಿಗಲ್ಲವಲ್ಲ, ಕೋಪವೆಲ್ಲ ಇವನ ಮೇಲೆ. ವಾದ ಮಾಡ್ಬೇಡಿ. ‘1912ಕ್ಕೆ ಫೋನ್ ಮಾಡಿ ಸಾರ್’ ಅಂತ ಹೇಳಿ ಹೊರಡಿ. ಕೈ ಎತ್ತಿದ್ರೆ 112.

ಹೆಣ್ಣುಮಕ್ಕಳು ಇದನ್ನ ತಿಳ್ಕೊಂಡಿರಿ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಆಫೀಸಿಗೆ ಮಾತ್ರ ಅಲ್ಲ. ಕೆಲಸದ ಮೇಲೆ ಹೋಗೋ ಜಾಗವೂ ಅದರ ಪ್ರಕಾರ ಕೆಲಸದ ಜಾಗವೇ, ಗುತ್ತಿಗೆಯವರಿಗೂ ಅನ್ವಯ. ಗುತ್ತಿಗೆದಾರರ ಹತ್ತಿರ 10 ಜನಕ್ಕಿಂತ ಕಡಿಮೆ ಇದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ, ಬರಹದಲ್ಲಿ.

ಮತ್ತೆ ಸಂಬಳದ ಚೀಟಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಇಎಸ್‌ಐ ಇದೆ. ನಿಮ್ಮಿಂದ 0.75 ಪರ್ಸೆಂಟ್, ಮಾಲೀಕರಿಂದ 3.25. ಕೆಲಸದಲ್ಲಿ ಪೆಟ್ಟಾಗಿ ಮನೇಲಿ ಕೂತ್ರೆ ಸಂಬಳದ ಸುಮಾರು 90 ಪರ್ಸೆಂಟ್ ಅದರಿಂದ ಬರುತ್ತೆ. ನನಗೆ ನಾಯಿ ಕಚ್ಚಿದಾಗ ಇದು ಗೊತ್ತೇ ಇರಲಿಲ್ಲ. ಬಿಕಾಂ ಪಾಸಾಗಿದ್ದೆ, ನೋಡಿ!

ಮೀಟರ್ ಕಡೆಯವರಲ್ಲ, ಮನೆ ಕಡೆಯವರು ಈ ಎಪಿಸೋಡ್ ಕೇಳ್ತಿದ್ರೆ, ನಿಮ್ಮ ಬಿಲ್ ಮೇಲೆ ರೀಡಿಂಗ್ ದಿನಾಂಕ ಇರುತ್ತೆ. ಮುಂದಿನ ತಿಂಗಳು ಆ ಆಸುಪಾಸಿನ ದಿನಗಳಲ್ಲಿ ನಾಯಿ ಕಟ್ಟಿಹಾಕಿ.

ಇಷ್ಟನ್ನೂ ಆ ಕೇಳುಗರಿಗೆ ವಾಯ್ಸ್ ನೋಟ್ ಕಳಿಸಿದೆ. ನಿನ್ನೆ ಉತ್ತರ ಬಂತು. ತಂಗಿ ಕೆಲಸಕ್ಕೆ ಸೇರಿದ್ದಾಳಂತೆ. ಅಮ್ಮ ಮೊದಲ ದಿನ ಜೊತೆಗೇ ಎರಡು ಬೀದಿ ನಡೆದರಂತೆ. ಇಎಸ್‌ಐ ನಂಬರ್ ಕೇಳಿದ್ದಕ್ಕೆ ಗುತ್ತಿಗೆದಾರರು ‘ಮುಂದಿನ ತಿಂಗಳು ನೋಡೋಣ’ ಅಂದಿದ್ದಾರೆ. ಮತ್ತೆ ಕೇಳೋಕೆ ಹೇಳಿದ್ದೀನಿ.